ಹತ್ತುಮೀನಿನ ನಾಲ್ಕು ಹೊಳೆಗಳು

ಮೇ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಗ್ರ್ಯಾಂಟೌನ್ ಪಟ್ಟಣದ ಕೆಳಗಿನ ಪೈನ್ ಕಾಡನ್ನು ದಾಟಿ ಸ್ಪೇ ನದಿಯ ದಡಕ್ಕೆ ಬಂದಾಗ, ನೀರು ಹಾಲು ಬೆರೆಸದ ಚಹಾದ ಬಣ್ಣದಲ್ಲಿ ಒಂದೇ ಸಮನೆ ಹರಿಯುತ್ತಿತ್ತು. ಭಾನುವಾರ ಸಾಲ್ಮನ್ ಮೀನು ಹಿಡಿಯುವುದನ್ನು ಸ್ಕಾಟ್ಲೆಂಡಿನ ಕಾನೂನು ನಿಷೇಧಿಸಿರುವುದರಿಂದ, ವಾರವಿಡೀ ಕಚೇರಿಯಲ್ಲಿರುವ ನನ್ನಂಥವರಿಗೆ ಉಳಿಯುವುದು ಶನಿವಾರವೊಂದೇ. ಅಬರ್ಡೀನ್‌ನಲ್ಲಿ ಮನೆಯ ಬಾಗಿಲಿಗೇ ಡೀ ನದಿ ಇರುವಾಗ ಎರಡು ಗಂಟೆ ಕಾರು ಓಡಿಸಿಕೊಂಡು ಇಲ್ಲಿಗೇಕೆ ಬರಬೇಕು ಎಂದು ನನ್ನ ಹೆಂಡತಿ ಪ್ರತಿ ಸಲವೂ ಕೇಳುತ್ತಾಳೆ. ಅದಕ್ಕೆ ಉತ್ತರ ಕೊಡಬೇಕಾದರೆ ನಾನು ಗಾಳ ಹಾಕಿದ ಎಲ್ಲ ಹೊಳೆಗಳನ್ನೂ ತೂಗಿ ಹೇಳಬೇಕಾಗುತ್ತದೆ.

ಡೀ ನದಿಯನ್ನು ನಾನು ಕಡೆಗಣಿಸುವವನಲ್ಲ. ಬ್ರೇರಿಯಾಕ್ ಬೆಟ್ಟದ ನೆತ್ತಿಯಲ್ಲಿ, ಸುಮಾರು 1,220 ಮೀಟರ್ ಎತ್ತರದಲ್ಲಿ ಹುಟ್ಟಿ ಬಾಲ್ಮೊರಲ್ ಅರಮನೆಯ ಪಕ್ಕದಲ್ಲಿ ಹರಿದು ಬರುವ ಅದರ ನೀರಿನಷ್ಟು ತಿಳಿಯಾದ ನೀರನ್ನು ನಾನು ಬೇರೆಲ್ಲೂ ಕಂಡಿಲ್ಲ. ವಸಂತಕಾಲದಲ್ಲಿ ಬರುವ ಸಾಲ್ಮನ್‌ಗೆ ಅದು ಹೆಸರಾದ ನದಿ. ಆದರೆ ಆ ತಿಳಿತನವೇ ಅಲ್ಲಿ ಗಾಳಗಾರನ ಕಷ್ಟ. ಎರಡು ವರ್ಷಗಳ ಹಿಂದೆ, ಮಳೆಯಿಲ್ಲದ ಒಂದು ವಾರದಲ್ಲಿ, ಮಡುವಿನ ತಳದಲ್ಲಿ ಐದು ಮೀನುಗಳು ಸಾಲಾಗಿ ನಿಂತಿರುವುದನ್ನು ಕಣ್ಣಾರೆ ಕಂಡೂ ಸಂಜೆಯವರೆಗೆ ಒಂದನ್ನೂ ಅಲುಗಿಸಲಾಗಲಿಲ್ಲ. ನಾನು ಅವನ್ನು ನೋಡುತ್ತಿದ್ದಷ್ಟೇ ಸ್ಪಷ್ಟವಾಗಿ ಅವೂ ನನ್ನನ್ನು ನೋಡುತ್ತಿದ್ದವು.

ಟೇ ನದಿಯ ಸಂಗತಿ ಬೇರೆ. ಬ್ರಿಟನ್ನಿನ ಯಾವ ನದಿಯೂ ಅಷ್ಟು ನೀರನ್ನು ಸಮುದ್ರಕ್ಕೆ ಒಯ್ಯುವುದಿಲ್ಲ, ಗಾತ್ರದ ಮೀನಿಗೆ ಅದಕ್ಕೆ ಸಾಟಿಯೂ ಇಲ್ಲ. 1922ರ ಅಕ್ಟೋಬರಿನಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಯುವತಿ ತಂದೆಯೊಡನೆ ದೋಣಿಯಲ್ಲಿದ್ದು, ಎರಡು ಗಂಟೆಗೂ ಹೆಚ್ಚು ಕಾಲ ಸೆಣಸಿ ಹಿಡಿದ 64 ಪೌಂಡಿನ, ಅಂದರೆ 29 ಕಿಲೋ ತೂಕದ ಸಾಲ್ಮನ್ ಬ್ರಿಟನ್ನಿನ ದಾಖಲೆಯಾಗಿ ನೂರು ವರ್ಷ ಕಳೆದರೂ ಉಳಿದಿದೆ. ಆ ದೋಣಿಯ ಮಾತೇ ಮುಖ್ಯ. ಟೇ ನದಿಯ ಕೆಳಭಾಗದ ಅಗಲವಾದ ಮಡುಗಳಲ್ಲಿ ದಡದಿಂದ ಎಸೆದ ಗಾಳ ನಡುಹೊಳೆಯನ್ನೇ ಮುಟ್ಟದು. ನಾನು ಹೋದ ದಿನ ಹುಟ್ಟು ಹಾಕುವವರು ದೋಣಿಯನ್ನು ಅಡ್ಡಡ್ಡವಾಗಿ ನಡೆಸುತ್ತಿದ್ದರೆ, ನಾನು ಹಿಂದೆ ಕುಳಿತು ಕೋಲನ್ನು ನೋಡುತ್ತಿದ್ದೆ. ಮೀನು ಹಿಡಿಯುತ್ತಿದ್ದವರು ನಿಜಕ್ಕೂ ಅವರೇ. ಟ್ವೀಡ್ ನದಿಯನ್ನು ಮಾತ್ರ ನಾನು ಕೆಲ್ಸೊ ಪಟ್ಟಣದ ಸೇತುವೆಯಿಂದ ನೋಡಿದ್ದೇ ಹೆಚ್ಚು. ಟೆವಿಯಟ್ ನದಿ ಬಂದು ಸೇರುವಲ್ಲಿರುವ ಪ್ರಸಿದ್ಧ ಮಡುವಿನ ಒಂದು ದಿನದ ಶುಲ್ಕ ನನ್ನಂಥ ನೌಕರನಿಗೆ ಎಟುಕುವಂಥದ್ದಲ್ಲ.

ಯಾವ ಹೊಳೆಯಲ್ಲಿ ಹೆಚ್ಚು ಮೀನು ಸಿಗುತ್ತದೆ ಎಂಬ ಲೆಕ್ಕದಿಂದ ಅವುಗಳನ್ನು ತೂಗುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ. 2023ರಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳ ಸಂಖ್ಯೆ 32,477. 1952ರಲ್ಲಿ ಲೆಕ್ಕವಿಡಲು ಆರಂಭಿಸಿದಾಗಿನಿಂದ ಅದುವರೆಗೆ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ನನ್ನ ಅಳತೆಗೋಲು ತೀರ್ಥಹಳ್ಳಿಯ ಕಡೆಯ ನನ್ನ ಸೋದರಮಾವನದು. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುವ ಹತ್ತುಮೀನನ್ನು ನೋಡಲು ನನ್ನನ್ನು ಕರೆದೊಯ್ಯುತ್ತಿದ್ದ ಮಾವ, “ಮೀನನ್ನು ಹುಡುಕಬೇಡ ಮಾರಾಯ, ಹತ್ತಿ ಸುಸ್ತಾದ ಮೀನು ಎಲ್ಲಿ ನಿಲ್ಲುತ್ತದೆ ಅಂತ ನೀರನ್ನು ನೋಡು” ಎನ್ನುತ್ತಿದ್ದ. ಸಾಲ್ಮನ್ ಕೂಡ ಹತ್ತುಮೀನೇ. ಕಡಲಲ್ಲಿ ಬೆಳೆದು ತಾನು ಹುಟ್ಟಿದ ಹೊಳೆಗೇ ಮರಳಿ, ಸಿಹಿನೀರಿಗೆ ಬಂದ ಮೇಲೆ ಆಹಾರವನ್ನೇ ಬಿಟ್ಟು ಏರುತ್ತದೆ.

ಹಾಗೆ ನೀರನ್ನು ನೋಡಿ ಕಲಿಯಲು ಸ್ಪೇ ನದಿಯಷ್ಟು ಒಳ್ಳೆಯ ಹೊಳೆ ಇನ್ನೊಂದಿಲ್ಲ. ಹೆಚ್ಚಿನ ನದಿಗಳು ಕಡಲು ಹತ್ತಿರವಾದಂತೆ ನಿಧಾನವಾಗುತ್ತವೆ. ಸ್ಪೇ ನದಿಯ ಇಳಿಜಾರು ಕೆಳಗೆ ಹೋದಂತೆ ಹೆಚ್ಚುತ್ತದೆ. ಕೇರ್ನ್‌ಗಾರ್ಮ್ ಬೆಟ್ಟಗಳ ಹಿಮ ಕರಗಿ ಬರುವುದರಿಂದ ಮಳೆ ತಡವಾದರೂ ಮೇ ತಿಂಗಳಲ್ಲಿ ನೀರು ಸಂಪೂರ್ಣ ಬತ್ತುವುದಿಲ್ಲ. ಗರಿ ಮತ್ತು ರೋಮಗಳನ್ನು ಸುತ್ತಿ ಮಾಡಿದ ಫ್ಲೈಯನ್ನು ಎಸೆದರೆ ಸಾಕು, ಉಳಿದದ್ದನ್ನು ಸೆಳವು ನೋಡಿಕೊಳ್ಳುತ್ತದೆ: ದಾರ ಬಿಗಿಯಾಗಿ, ಫ್ಲೈ ಒಂದೇ ವೇಗದಲ್ಲಿ ಹೊಳೆಗೆ ಅಡ್ಡವಾಗಿ ಸಾಗಿ, ಬಂಡೆಯ ಹಿಂದಿನ ಪ್ರತಿಯೊಂದು ತಂಗುದಾಣವನ್ನೂ ಮುಟ್ಟುತ್ತದೆ. ಹಿಂದೆ ಮರಗಳಿರುವುದರಿಂದ ದಾರವನ್ನು ಬೆನ್ನ ಹಿಂದಕ್ಕೆ ಬೀಸದೆ, ನೀರಿನ ಮೇಲೇ ಸುತ್ತಿ ಎಸೆಯುವ ವಿಧಾನಕ್ಕೆ ಜಗತ್ತೆಲ್ಲ ಈ ನದಿಯ ಹೆಸರನ್ನೇ ಇಟ್ಟಿದೆ.

ಗ್ರ್ಯಾಂಟೌನ್‌ನ ನೀರಿನಲ್ಲಿ ಗಾಳ ಹಾಕುವುದನ್ನು ಊರಿನ ಗಾಳಗಾರರ ಸಂಘ ನೋಡಿಕೊಳ್ಳುತ್ತದೆ. ಟಿಕೆಟ್ ಕೊಂಡವರು ಯಾರೂ ಬರಬಹುದು. ಒಂದು ಎಸೆತಕ್ಕೆ ಒಂದು ಹೆಜ್ಜೆ ಕೆಳಗೆ ನಡೆದು ಹಿಂದಿನವರಿಗೆ ಜಾಗ ಬಿಡಬೇಕು, ಒಳ್ಳೆಯ ಜಾಗ ಸಿಕ್ಕಿತೆಂದು ಅಲ್ಲೇ ನಿಲ್ಲುವಂತಿಲ್ಲ. ಆ ದಿನ ಮಧ್ಯಾಹ್ನದವರೆಗೆ ಏನೂ ಇಲ್ಲ. ನಾಲ್ಕು ಗಂಟೆಯ ಹೊತ್ತಿಗೆ, ನೀರು ಎರಡಾಗಿ ಸೀಳಿ ಮತ್ತೆ ಕೂಡುವ ಒಂದು ನಯವಾದ ಪಟ್ಟಿಯ ಮೇಲೆ ಫ್ಲೈ ಹಾಯುತ್ತಿದ್ದಂತೆ ದಾರ ಮೆಲ್ಲಗೆ ಭಾರವಾಯಿತು. ಜಗ್ಗಬಾರದು ಎಂದು ಕಲಿತಿದ್ದರಿಂದ ಕೈ ತಡೆದೆ. ಮೀನು ತಾನೇ ತಿರುಗಿಕೊಂಡಿತು, ರೀಲು ಕೂಗತೊಡಗಿತು. ಹದಿನೈದು ನಿಮಿಷವಾದ ಮೇಲೆ ನನ್ನ ಹಿಂದಿದ್ದ ವೃದ್ಧರು ತಮ್ಮ ಕೋಲನ್ನು ದಡದಲ್ಲಿಟ್ಟು ಬಲೆ ಹಿಡಿದು ಬಂದು, “ನೀರಿನಿಂದ ಎತ್ತಬೇಡಿ” ಎಂದಷ್ಟೇ ಹೇಳಿದರು.

ಸುಮಾರು ಹತ್ತು ಪೌಂಡಿನ ಹೆಣ್ಣುಮೀನು, ಬೆಳ್ಳಿಯ ಮೈ. ಗಾಳವನ್ನು ಬಿಡಿಸಿ, ಬಾಲದ ಬುಡವನ್ನು ಹಿಡಿದು, ತಲೆ ಸೆಳವಿಗೆ ಎದುರಾಗಿರುವಂತೆ ನಿಲ್ಲಿಸಿಕೊಂಡೆ. ಕಿವಿರುಗಳು ತೆರೆದು ಮುಚ್ಚುತ್ತಿದ್ದವು, ನನ್ನ ಬೆರಳುಗಳು ಹಿಮದ ನೀರಿಗೆ ಮರಗಟ್ಟಿದ್ದವು. ಬಾಲ ಗಟ್ಟಿಯಾಗಿ ಒಮ್ಮೆ ಹೊಡೆದು ಕೈಯಿಂದ ಜಾರಿದಾಗ ಅದು ಹೋದದ್ದು ಕೆಳಕ್ಕಲ್ಲ, ಮೇಲಕ್ಕೆ. ವೃದ್ಧರು ಬಲೆಯನ್ನು ಜಾಡಿಸಿ, ನಾನು ನಿಂತಿದ್ದ ಜಾಗದಿಂದ ಎಸೆಯಲು ನನ್ನ ಅನುಮತಿ ಕೇಳಿದರು. ನಾನು ದಾರ ಸುತ್ತಿಕೊಂಡು ಮಡುವಿನ ತಲೆಗೆ ನಡೆದು, ಅವರ ಹಿಂದಿನ ಸರದಿಯಲ್ಲಿ ನಿಂತೆ.