2011ರಲ್ಲಿ ಭ್ರಷ್ಟಾಚಾರದ ವಿರುದ್ಧ ಅಷ್ಟೊಂದು ಜನ ಬೀದಿಗಿಳಿದರಲ್ಲ, ಸಿಕ್ಕಿದ್ದೇನು?

ಲೋಕಾಯುಕ್ತ (ಸರ್ಕಾರಿ ನೌಕರರ ಮೇಲಿನ ದೂರು ವಿಚಾರಿಸುವ ರಾಜ್ಯದ ಸಂಸ್ಥೆ), ಸಕಾಲ (ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡಿಸುವ ವ್ಯವಸ್ಥೆ) ಎಂದು ಬಾಯಿ ತೆರೆದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ‘ಏನೂ ಸಿಗಲಿಲ್ಲ’ ಅಂದುಬಿಡುವುದು ಸುಲಭ. ಆದರೆ ಅದು ನಿಜವಲ್ಲ. ಸಿಕ್ಕಿದ್ದನ್ನು ಬಳಸುವ ದಾರಿ ಜನರಿಗೆ ಗೊತ್ತಾಗಲಿಲ್ಲ, ಅಷ್ಟೇ.

ದೆಹಲಿಯ ರಾಮಲೀಲಾ ಮೈದಾನದಲ್ಲಿ ಅಣ್ಣಾ ಹಜಾರೆ ಉಪವಾಸ ಬಿಟ್ಟದ್ದು 2011ರ ಆಗಸ್ಟ್ 28ರಂದು. ನಮ್ಮ ಫ್ರೀಡಂ ಪಾರ್ಕ್‌ನಲ್ಲೂ ಆಗ ಜನ ಕೂತಿದ್ದರು. ಹಿಂದಿನ ದಿನ ಸಂಸತ್ತು ಮೂರು ವಿಷಯಕ್ಕೆ ತಾತ್ವಿಕವಾಗಿ ಒಪ್ಪಿತ್ತು: ಪ್ರತಿ ಇಲಾಖೆಗೂ ನಾಗರಿಕ ಸನ್ನದು (ಯಾವ ಸೇವೆ ಎಷ್ಟು ದಿನದಲ್ಲಿ ಎಂಬ ಲಿಖಿತ ಭರವಸೆ), ಕೆಳಹಂತದ ನೌಕರರನ್ನೂ ಲೋಕಪಾಲದ (ಭ್ರಷ್ಟಾಚಾರದ ದೂರು ವಿಚಾರಿಸುವ ಕೇಂದ್ರದ ಸಂಸ್ಥೆ) ವ್ಯಾಪ್ತಿಗೆ ತರುವ ವ್ಯವಸ್ಥೆ, ರಾಜ್ಯಗಳಲ್ಲಿ ಲೋಕಾಯುಕ್ತ.

ಲೋಕಪಾಲ ಕಾಯ್ದೆ ಜಾರಿಗೆ ಬಂದದ್ದು 2014ರ ಜನವರಿ 16ಕ್ಕೆ, ಮೊದಲ ಲೋಕಪಾಲರು ಬಂದದ್ದು 2019ರ ಮಾರ್ಚ್‌ನಲ್ಲಿ. ಐದು ವರ್ಷ ಕುರ್ಚಿ ಖಾಲಿ! ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರು ಇರಬೇಕು, 2014ರ ಲೋಕಸಭೆಯಲ್ಲಿ ಆ ಸ್ಥಾನಮಾನ ಯಾರಿಗೂ ಇಲ್ಲ ಎಂಬುದು ನೆಪ. ಅದಕ್ಕಾಗಿ ಕಾಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು. ನಾಗರಿಕ ಸನ್ನದಿನ ಕೇಂದ್ರ ಮಸೂದೆ ಡಿಸೆಂಬರ್ 2011ರಲ್ಲಿ ಮಂಡನೆಯಾಗಿ, ಲೋಕಸಭೆಯ ಅವಧಿಯ ಜೊತೆಗೇ ಬಿದ್ದುಹೋಯಿತು.

ಕರ್ನಾಟಕದ ಕಥೆ ಬೇರೆ. ಇಲ್ಲಿ ಲೋಕಾಯುಕ್ತ ಕಾಯ್ದೆ 1984ರಿಂದಲೇ ಇದೆ. ಸನ್ನದಿನ ಕೆಲಸವನ್ನು ಸಕಾಲ ಮಾಡುತ್ತದೆ. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಶುರುವಾದಾಗ 11 ಇಲಾಖೆಗಳ 151 ಸೇವೆಗಳಿದ್ದವು.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಕಾಲ ಸಂಖ್ಯೆ ಇರುವ ಚೀಟಿ ಕೈಗೆ ಬರಬೇಕು. ಗಡಿಯಾರ ಓಡುವುದು ಆ ಸಂಖ್ಯೆಯಿಂದ. ‘ಇಟ್ಟು ಹೋಗಿ, ನಾಳೆ ಹತ್ತಿಸ್ತೀವಿ’ ಅಂದರೆ ಅರ್ಜಿ ವಾಪಸ್ ತೆಗೆದುಕೊಳ್ಳಿ. ಚೀಟಿ ಇಲ್ಲದಿದ್ದರೆ ತಡ ಎಂಬುದೇ ದಾಖಲೆಯಲ್ಲಿ ಇರುವುದಿಲ್ಲ. ಎರಡನೇ ಮೋಸ ಕಡೆಯ ದಿನ ನಡೆಯುತ್ತದೆ: ‘ದಾಖಲೆ ಅಪೂರ್ಣ’ ಎಂದು ಬರೆದು ಅರ್ಜಿ ತಿರಸ್ಕರಿಸಿದರೆ ಲೆಕ್ಕದಲ್ಲಿ ಅದು ವಿಳಂಬವಲ್ಲ, ವಿಲೇವಾರಿ. ಆಗ ಲಿಖಿತ ಹಿಂಬರಹ, ಅಂದರೆ ಕಾರಣ ಬರೆದ ಉತ್ತರ, ಕೇಳಿ. ಯಾವ ದಾಖಲೆ ಕಡಿಮೆ ಎಂಬುದು ಹೆಸರು ಸಮೇತ ಅದರಲ್ಲಿರಲಿ. ಅರ್ಜಿಯ ಜೊತೆ ಕೊಟ್ಟ ಕಾಗದಗಳ ಪಟ್ಟಿ ಮಾಡಿ, ಪ್ರತಿಗೆ ಸೀಲು ಹಾಕಿಸಿಕೊಂಡಿದ್ದರೆ ಅಲ್ಲಿಗೇ ಅರ್ಧ ಗೆದ್ದಂತೆ. ಮುಂದಿನದು ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮೇಲ್ಮನವಿ ಪ್ರಾಧಿಕಾರ.

ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಅಂದರೆ 25ನೇ ದಿನಕ್ಕೆ ಅದು ಮುಗಿಯಿತು. ಆಮೇಲೆ ಆರು ತಿಂಗಳು ತಡವಾದರೂ ಅಷ್ಟೇ. ಎರಡು ಸಲ ತಾಲ್ಲೂಕು ಕಚೇರಿಗೆ ಅಲೆದರೆ ಬಸ್ ಚಾರ್ಜು, ಹೋದ ಕೂಲಿ ಸೇರಿ ಅದಕ್ಕಿಂತ ಹೆಚ್ಚಾಗುತ್ತದೆ. ಹೀಗಾಗಿ ಹಣಕ್ಕಾಗಿ ಮೇಲ್ಮನವಿ ಹಾಕುವುದು ವ್ಯರ್ಥ. ಹಾಕಬೇಕಾದ ಕಾರಣ ಇನ್ನೊಂದಿದೆ. ಲೋಕಾಯುಕ್ತಕ್ಕೆ ‘ಕುಂದುಕೊರತೆ’ (ಆಡಳಿತದ ಲೋಪದಿಂದ ಆದ ತೊಂದರೆ) ದೂರು ಕೊಡುವಾಗ, ಮೇಲ್ಮನವಿಯ ದಾರಿ ಇದ್ದೂ ಅದನ್ನು ಬಳಸದೆ ಬಂದಿದ್ದರೆ ದೂರು ಅಲ್ಲೇ ನಿಲ್ಲಬಹುದು. ದೂರಿನ ಜೊತೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಕುಂದುಕೊರತೆಯಾದರೆ ವಿಷಯ ತಿಳಿದ ಆರು ತಿಂಗಳೊಳಗೆ, ಅಧಿಕಾರ ದುರ್ಬಳಕೆಯಂಥ ‘ಆಪಾದನೆ’ಯಾದರೆ ಘಟನೆ ನಡೆದ ಐದು ವರ್ಷದೊಳಗೆ ಕೊಡಬೇಕು.

ಇನ್ನು ಲಂಚದ ಟ್ರ್ಯಾಪ್, ಅಂದರೆ ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುವುದು, ಲೋಕಾಯುಕ್ತ ಪೊಲೀಸರ ಕೆಲಸ. ಈ ಅಧಿಕಾರವನ್ನು 2016ರಲ್ಲಿ ಕಿತ್ತು ಎಸಿಬಿಗೆ (ಭ್ರಷ್ಟಾಚಾರ ನಿಗ್ರಹ ದಳ) ಕೊಟ್ಟಿದ್ದರು. ಅದು ವಾಪಸ್ ಬಂದದ್ದು ಜನಸಾಗರದಿಂದಲ್ಲ, 2022ರ ಆಗಸ್ಟ್ 11ರ ಹೈಕೋರ್ಟ್ ತೀರ್ಪಿನಿಂದ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಬೇಕು. ಕೊಡುವ ಮೊದಲೇ ಪೊಲೀಸರಿಗೆ ಹೇಳಿ ಅವರ ಜೊತೆ ಹೋದರೆ ರಕ್ಷಣೆ ಇದೆ. ನೋಟುಗಳ ನಂಬರು ಬರೆದುಕೊಂಡು ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಪಂಚರ (ಸಾಕ್ಷಿಗಳ) ಮುಂದೆ ಬಾಟಲಿಗೆ ತುಂಬಿ ಸೀಲು ಹಾಕುತ್ತಾರೆ.

ಟಿವಿಯಲ್ಲಿ ಕಾಣುವುದು ಈ ಗುಲಾಬಿ ನೀರು. ಕೇಸು ಬಿದ್ದುಹೋಗುವುದು ಬೇರೆ ಕಡೆ. ಹಣ ಸಿಕ್ಕಿದೆ ಎಂದಷ್ಟಕ್ಕೆ ಶಿಕ್ಷೆಯಾಗುವುದಿಲ್ಲ. ಅಧಿಕಾರಿ ಕೇಳಿದ್ದು ಸಾಬೀತಾಗಬೇಕು. ದೂರುದಾರ ತಿರುಗಿಬಿದ್ದರೂ ಸಾಂದರ್ಭಿಕ ಸಾಕ್ಷ್ಯದಿಂದ ಅದನ್ನು ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ, ಆದರೂ ಅದು ಕಷ್ಟದ ದಾರಿ. ಹಾಗಾಗಿ ‘ಎಷ್ಟು ಸಾರ್?’ ಎಂದು ನೀವೇ ಶುರು ಮಾಡಬೇಡಿ. ರೆಕಾರ್ಡರ್ ಓಡುತ್ತಿರಲಿ, ಮೊತ್ತ ಅವರ ಬಾಯಿಂದಲೇ ಬರಲಿ. ನೋಟು ಜೇಬಿನಿಂದ ಹೊರಬರಬೇಕಾದದ್ದು ಅದಾದ ಮೇಲೆ.