12 ಮಿಲಿಮೀಟರಿನ ಮೀಟರ್ ಗೇಜ್

ಊರಿನ ಹೆಸರು ಬಿಯರ್. ಭಾವ ಕಾರು ಹೊರಡಿಸುವುದಕ್ಕೆ ಅಷ್ಟೇ ಸಾಕಾಯಿತು. ಆ ಹೆಸರಿಗೂ ಪಾನೀಯಕ್ಕೂ ಸಂಬಂಧವಿಲ್ಲ, ಮರಗಳ ತೋಪು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು ಎಂದು ಅಕ್ಕ ಹಿಂದಿನ ಸೀಟಿನಿಂದ ಹೇಳುವಷ್ಟರಲ್ಲಿ ಎಕ್ಸೆಟರ್ ಬಿಟ್ಟು ಅರ್ಧ ದಾರಿ ಬಂದಾಗಿತ್ತು.

ಇಂಗ್ಲೆಂಡಿನ ಡೆವನ್ ಸೀಮೆಯ ಈ ಮೂಲೆಯ ರಸ್ತೆಗಳು ನಮ್ಮ ತೋಟದ ದಾರಿಗಳ ಹಾಗೆ. ಎರಡೂ ಬದಿಗೆ ಆಳೆತ್ತರದ ಬೇಲಿ, ನಡುವೆ ಒಂದೇ ಕಾರಿಗೆ ಜಾಗ. ಎದುರು ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಎರಡು ಸಲವೂ ಸರಿದದ್ದು ನಮ್ಮ ಭಾವನೇ. ರೈಲಿನಲ್ಲಿ ಬರಬಹುದಿತ್ತಲ್ಲ ಎಂದೆ. ಹತ್ತಿರದ ನಿಲ್ದಾಣ ಆಕ್ಸ್‌ಮಿನ್‌ಸ್ಟರ್, ಅಲ್ಲಿಂದ ಮತ್ತೆ ಬಸ್ಸು. ಪಕ್ಕದ ಸೀಟನ್ ಊರಿಗೆ ಒಂದು ಕವಲು ಮಾರ್ಗವಿತ್ತು, 1966ರಲ್ಲಿ ಮುಚ್ಚಿದರು. ಆ ಹಳಿಯಿದ್ದ ಏರಿಯ ಮೇಲೆ ಈಗ ಸೀಟನ್‌ನಿಂದ ಕೋಲಿಟನ್‌ವರೆಗೆ 3 ಮೈಲಿ ಪುಟ್ಟ ಟ್ರಾಮುಗಳು ಪ್ರವಾಸಿಗಳನ್ನು ಹೊತ್ತು ಓಡಾಡುತ್ತವೆ.

ಬಿಯರ್ ಮೀನುಗಾರರ ಹಳ್ಳಿ. ಬಂದರು ಕಟ್ಟೆಯಿಲ್ಲ, ದೋಣಿಗಳನ್ನು ಉರುಟು ಕಲ್ಲಿನ ದಂಡೆಯ ಮೇಲಕ್ಕೆ ಯಂತ್ರದ ಹಗ್ಗದಿಂದ ಎಳೆದು ನಿಲ್ಲಿಸುತ್ತಾರೆ. ಹಿಂದೆ ಸುಣ್ಣದ ಬಿಳಿ ಬಂಡೆಗಳು. ಮುಖ್ಯ ಬೀದಿಯ ಅಂಚಿನಲ್ಲೇ ಕಲ್ಲಿನ ಕಾಲುವೆಯೊಳಗೆ ಒಂದು ತೊರೆ ಹರಿಯುತ್ತದೆ. ಎಕ್ಸೆಟರ್‌ನ ದೊಡ್ಡ ಇಗರ್ಜಿಗೆ ಕಲ್ಲು ಹೋದದ್ದು ಇಲ್ಲಿನ ಗಣಿಯಿಂದ. ಇಷ್ಟು ನೋಡಿ, ಮೀನು ತಿಂದು, ಹಿಂದಿರುಗುವುದೆಂದು ನಮ್ಮ ಲೆಕ್ಕ. ಊಟ ಅರಗಲೆಂದು ಗುಡ್ಡ ಹತ್ತಿದಾಗ ಮೇಲಿನಿಂದ ಹಬೆ ಎಂಜಿನ್ನಿನ ಕೂಗು ಕೇಳಿಸಿತು.

ಕಲ್ಲಿದ್ದಲಿನ ವಾಸನೆ ಹಿಡಿದು ಹೋದೆ. ಗುಡ್ಡದ ತುದಿಯಲ್ಲಿ ಪೆಕೋ ಕಂಪನಿ. 1946ರಲ್ಲಿ ಶುರುವಾಗಿ, 1971ರಲ್ಲಿ ಈ ಊರಿಗೆ ಬಂದ ಇದು ಮಾದರಿ ರೈಲಿಗೆ ಹಳಿ ಮಾಡುವ ಕಾರ್ಖಾನೆ. ಅದರ ಪಕ್ಕದಲ್ಲೇ ಪ್ರದರ್ಶನ, ಅಂಗಡಿ, ಸುತ್ತಲಿನ ತೋಟದಲ್ಲಿ ಏಳೂಕಾಲು ಇಂಚಿನ ಹಳಿಯ ಮೇಲೆ ಮನುಷ್ಯರನ್ನೇ ಕೂರಿಸಿಕೊಂಡು ಓಡುವ ಕಿರುರೈಲು. ದೊಡ್ಡವರೂ ಮೊಣಕಾಲು ಮಡಚಿ, ಬಹಳ ಗಂಭೀರವಾಗಿ ಕೂತಿದ್ದರು. ಅಕ್ಕ, ಭಾವ ಟಿಕೆಟ್ ಕೊಂಡರು. ನಾನು ಅಂಗಡಿಗೆ ನುಗ್ಗಿದೆ.

ಬೆಂಗಳೂರಿನಲ್ಲಿ ಮಾದರಿ ರೈಲು ಎಂದು ಕೇಳಿದರೆ ಅಂಗಡಿಯವರು ಬ್ಯಾಟರಿ ಹಾಕಿದ ಪ್ಲಾಸ್ಟಿಕ್ ಆಟಿಕೆ ತೋರಿಸುತ್ತಾರೆ. ಇಲ್ಲಿ ನೆಲದಿಂದ ತಲೆಯೆತ್ತರದವರೆಗೆ ಹಳಿ. ನೇರ ಹಳಿ, ಬಾಗುವ ಹಳಿ, ಎಡಕ್ಕೆ ಕವಲೊಡೆಯುವುದು, ಬಲಕ್ಕೆ ಕವಲೊಡೆಯುವುದು, ಒಂದನ್ನೊಂದು ಕತ್ತರಿಸುವುದು. ಕಂಬಿಯ ಎತ್ತರ 2.54 ಮಿಲಿಮೀಟರಿನದು ಬೇಕೋ, 1.9ರದು ಬೇಕೋ ಎಂಬ ಆಯ್ಕೆ ಬೇರೆ. ಲೋಹದ ಹೆಸರು ನಿಕಲ್ ಸಿಲ್ವರ್. ಬೆಳ್ಳಿಯ ಚೂರೂ ಇರುವುದಿಲ್ಲ. ತಾಮ್ರ, ನಿಕಲ್, ಸತು. ನಮ್ಮಲ್ಲಿ ಜರ್ಮನ್ ಸಿಲ್ವರ್ ಎಂದು ಅರಿಶಿನ ಕುಂಕುಮದ ಬಟ್ಟಲು ಮಾಡುವ ಅದೇ ಜಾತಿ.

ಬ್ರಿಟಿಷ್ ಮಾದರಿಗಳಲ್ಲಿ ಒಂದು ಸುಳ್ಳು ಅಡಗಿದೆ, ಅದು ನನಗೆ ಬಹಳ ಇಷ್ಟ. ಯುರೋಪಿನವರು ನಿಜ ರೈಲಿನ 87ನೇ ಒಂದು ಅಳತೆಗೆ 16.5 ಮಿಲಿಮೀಟರ್ ಅಗಲದ ಹಳಿ ಹಾಕಿದರು, ಲೆಕ್ಕ ಸರಿಹೋಯಿತು. ಬ್ರಿಟನ್ನಿನ ಎಂಜಿನ್ನುಗಳು ಗಾತ್ರದಲ್ಲಿ ಸಣ್ಣವು; ಅದೇ ಅಳತೆಗೆ ಇಳಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಯುತ್ತಿರಲಿಲ್ಲ. ಅದಕ್ಕೆ ಎಂಜಿನ್ನನ್ನು 76ನೇ ಒಂದಕ್ಕೆ ಹಿಗ್ಗಿಸಿದರು, ಹಳಿಯನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟರು. ಹೀಗಾಗಿ ಇಂದಿಗೂ ಬ್ರಿಟಿಷ್ ಎಂಜಿನ್ನುಗಳು ತಮಗಿಂತ ಕಿರಿದಾದ ಹಳಿಯ ಮೇಲೆ, ತಮ್ಮನ ಚಪ್ಪಲಿ ಮೆಟ್ಟಿದವರಂತೆ ನಿಂತಿರುತ್ತವೆ.

ಕೌಂಟರಿನ ಮೇಲೆ ಮುಟ್ಟಿ ನೋಡಲೆಂದು ಒಂದು ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು, ಇಟ್ಟಿದ್ದರು. ಬೆರಳಿನಿಂದ ತಳ್ಳಿದೆ. ಒಳಗಿನ ಸ್ಪ್ರಿಂಗು ಹಿಡಿದು ಕಂಬಿ ಟಕ್ಕೆಂದು ಆ ಬದಿಗೆ ಕೂತಿತು. ಮತ್ತೆ ತಳ್ಳಿದೆ, ಟಕ್. ನನ್ನಜ್ಜ ಆನಂದಪುರದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವಿದ್ದ ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಮಾರ್ಗದಲ್ಲಿ ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಲಿವರ್ ಎಳೆಯುತ್ತಿದ್ದರು. ಅದಕ್ಕೆ ಇಡೀ ಮೈಯ ಭಾರ ಬೇಕಿತ್ತು. ಆ ಹಳಿ ಈಗಿಲ್ಲ; 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಆಯಿತು. ಊರಿಗೆ ಒಳ್ಳೆಯದೇ ಆಯಿತು, ಬೆಂಗಳೂರಿಗೆ ನೇರ ರೈಲು ಬಂತು. ಆದರೂ ನಾನು ಆ ಪಾಯಿಂಟನ್ನು ಹತ್ತಿಪ್ಪತ್ತು ಸಲ ತಳ್ಳಿರಬೇಕು. ಕೌಂಟರಿನ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಮಾರ್ಗ ಯಾವ ಗೇಜು?" ಎಂದು ಕೇಳಿದರು.

"ಮೀಟರ್ ಗೇಜ್. ಭಾರತದ್ದು."

ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಒಳಗಿನ ಕಪಾಟಿನಿಂದ ಒಂದು ಗಜ ಉದ್ದದ ಹಳಿ ತಂದರು: ಅಗಲ 12 ಮಿಲಿಮೀಟರು. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜಿನವು, ಅವುಗಳ ಮಾದರಿ ಕಟ್ಟುವವರಿಗೆ ಬೇಕಾದದ್ದು. 87ರಿಂದ ಗುಣಿಸಿದರೆ 1044 ಬರುತ್ತದೆ, ಅಂದರೆ 44 ಮಿಲಿಮೀಟರು ಹೆಚ್ಚು. ಅಜ್ಜ ಒಪ್ಪುತ್ತಿರಲಿಲ್ಲ, ನಾನು ಒಪ್ಪಿದೆ. ನಮ್ಮ ಬ್ರಾಡ್ ಗೇಜಿಗೆ ಇದೇ ಅಳತೆಯಲ್ಲಿ 19 ಮಿಲಿಮೀಟರಿನ ಹಳಿ ಬೇಕಾಗುತ್ತದೆ, ಅದು ಆ ಕಪಾಟಿನಲ್ಲಿ ಇರಲಿಲ್ಲ. ಊರಿನಲ್ಲಿ ಉಳಿದದ್ದು ಅಂಗಡಿಯಲ್ಲಿಲ್ಲ, ಊರಿನಲ್ಲಿ ಅಳಿದದ್ದು ಅಂಗಡಿಯಲ್ಲಿದೆ.

ಕತ್ತರಿಸಿ ಎರಡು ತುಂಡು ಮಾಡಿಕೊಡಲೇ ಎಂದು ಕೇಳಿದರು. ಮನಸ್ಸಾಗಲಿಲ್ಲ.

ಅಕ್ಕ ಕಾರಿನ ಬಳಿ ಕಾಯುತ್ತಿದ್ದಳು. "ಏನೋ ಇದು, ಕಂಬಿ ಕೊಂಡಿದ್ದೀಯ, ರೈಲೆಲ್ಲಿ?"

"ರೈಲು ಆಮೇಲೆ. ಮೊದಲು ಹಳಿ ಹಾಕಬೇಕಲ್ಲ?"

91 ಸೆಂಟಿಮೀಟರಿನ ಹಳಿ ಎಲ್ಲಿಟ್ಟರೂ ಬಾಗುತ್ತಿತ್ತು. ಕೊನೆಗೆ ಹಿಂದಿನ ಸೀಟಿನಿಂದ ಮುಂದಿನ ಎರಡು ಸೀಟುಗಳ ನಡುವೆ ತೂರಿಸಿ ಹಿಡಿದುಕೊಂಡೆ. ಗೇರು ಬದಲಿಸುವಾಗಲೆಲ್ಲ ಭಾವನ ಮೊಣಕೈಗೆ ತಾಗುತ್ತಿತ್ತು. ಮತ್ತೊಂದು ಟ್ರ್ಯಾಕ್ಟರ್ ಎದುರಾಯಿತು. ಭಾವ ಈ ಸಲ ಹಿಂದೆ ಸರಿಯಲಿಲ್ಲ. ಹಳಿಯತ್ತ ಕೈ ತೋರಿಸಿ, "ಗೇಟು ಹಾಕಿದೆ. ನಿನ್ನ ರೈಲು ದಾಟಲಿ" ಎಂದು ಎಂಜಿನ್ ಆರಿಸಿ ಕೂತುಬಿಟ್ಟರು.