ಮನೆ ವೈನ್ ಮತ್ತು ನನ್ನ ಆರನೇ ವಾರ

ನಮ್ಮ ಮೂಡಿಗೆರೆ ಕಡೆ ಮನೆ ವೈನನ್ನು ಯಾರೂ ಹೆಂಡ ಅನ್ನುವುದಿಲ್ಲ. ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚೂರು ಚಕ್ಕೆ ಹಾಕಿ ಭರಣಿ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಅದು ‘ಮನೇದು’. ಥಂಡಿಗೆ ಒಳ್ಳೇದು ಅಂತ ಅತ್ತೆಯೇ ಲೋಟಕ್ಕೆ ಬಗ್ಗಿಸಿ ಕೊಡುತ್ತಾರೆ.

ಆ ಜುಲೈನಲ್ಲಿ ನಾನೂ ಕುಡಿದೆ. ನಾದಿನಿ ಬಂದಿದ್ದಳು. ಬಿಡದ ಮಳೆ, ಕರೆಂಟ್ ಇಲ್ಲ. ಎರಡು ರಾತ್ರಿ, ಎರಡೆರಡು ಲೋಟ. ಹತ್ತು ದಿನ ಕಳೆದ ಮೇಲೆ ಮುಟ್ಟು ತಪ್ಪಿದ್ದು ಲೆಕ್ಕಕ್ಕೆ ಬಂತು. ಮೆಡಿಕಲ್‌ನಿಂದ ಕಿಟ್ ತಂದೆ. ಎರಡು ಗೆರೆ. ಖುಷಿಗಿಂತ ಮೊದಲು ಆ ಲೋಟ ನೆನಪಾಯ್ತು.

ಚಿಕ್ಕಮಗಳೂರಲ್ಲಿ ಡಾಕ್ಟರು ಆರನೇ ವಾರ ಅಂದರು. ಶುಗರ್, ಥೈರಾಯ್ಡ್ ಎಲ್ಲ ಕೇಳಿದರು, ಕುಡಿಯೋದರ ಬಗ್ಗೆ ಕೇಳಲಿಲ್ಲ. ಪಕ್ಕದಲ್ಲಿ ಅತ್ತೆ ಕೂತಿದ್ದರು, ನಾನು ಹೇಗೆ ಬಾಯಿ ಬಿಡಲಿ? ಬಿಪಿ ನೋಡಲು ಒಳಗೆ ಕರೆದಾಗ ಸಿಸ್ಟರ್‌ಗೆ ಹೇಳಿಬಿಟ್ಟೆ.

“ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಹೆದರಿಕೊಂಡು ಏನೂ ತೀರ್ಮಾನ ಮಾಡಬೇಡ. ಇವತ್ತಿಂದ ಒಂದು ಹನಿಯೂ ಬೇಡ,” ಅಂದರು.

ಅವರೇ ಬಿಡಿಸಿ ಹೇಳಿದರು. ಕುಡಿದದ್ದು ತಾಯಿಯ ರಕ್ತದಿಂದ ಮಗುವಿಗೆ ದಾಟುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಲಿವರ್‌ಗೆ ಇನ್ನೂ ಬಂದಿರುವುದಿಲ್ಲ. ಮೆದುಳು, ಬೆನ್ನುಹುರಿ ಶುರುವಾಗುವುದು ಎಷ್ಟೋ ಹೆಂಗಸರಿಗೆ ಬಸುರಿ ಅಂತ ಗೊತ್ತಾಗುವ ಮೊದಲೇ. ಆದರೆ ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತದೆ, ಹಾಗಾಗಿ ಯಾವತ್ತು ಬಿಟ್ಟರೂ ಪ್ರಯೋಜನ ಇದೆ. ತುಂಬ ಕುಡಿಯುವ ತಾಯಂದಿರ ಮಕ್ಕಳಲ್ಲಿ ಕಾಣುವ ತೊಂದರೆಗೆ ‘ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್’ ಅಂತ ಅಮೆರಿಕದ ಸಿಯಾಟಲ್‌ನ ವೈದ್ಯರು ಹೆಸರಿಟ್ಟಿದ್ದು 1973ರಲ್ಲಿ ಅಂತ ಆಮೇಲೆ ಓದಿದೆ. ಬಸುರಿಗೆ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲವಂತೆ. ಬಾಟಲಿಯದಾದರೇನು, ಭರಣಿಯದಾದರೇನು, ಅಲ್ವಾ?

ವಾಪಸ್ ಬರುವಾಗ ಅತ್ತೆಗೂ ಹೇಳಿದೆ. ಆಲ್ದೂರು ದಾಟುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ ನನ್ನ ಕೈ ಹಿಡಿದು, “ನಾನೇ ಹಾಕಿಕೊಟ್ಟೆನಲ್ಲೇ,” ಅಂದರು. ನನಗೆ ಅಳು ಬಂತು.

ಮಗಳಿಗೆ ಈಗ ನಾಲ್ಕು ವರ್ಷ, ಚೆನ್ನಾಗಿದ್ದಾಳೆ. ದಯವಿಟ್ಟು ಇದನ್ನು ಯಾರೂ ಧೈರ್ಯಕ್ಕೆ ಇಟ್ಟುಕೊಳ್ಳಬೇಡಿ. ಆದರೆ ನನ್ನ ಹಾಗೆ ಗೊತ್ತಿಲ್ಲದೆ ಕುಡಿದಿದ್ದರೆ ಒಳಗೊಳಗೇ ಕೊರಗಬೇಡಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಕಳೆದ ತಿಂಗಳು ನಾದಿನಿ ಮತ್ತೆ ಬಂದಿದ್ದಳು. ಮದುವೆಯಾಗಿ ವರ್ಷವಾಗಿದೆ, ಮಗು ಬೇಕು ಅಂತಿದ್ದಾಳೆ. ಅತ್ತೆ ಅಟ್ಟದ ಭರಣಿ ಮುಟ್ಟಲೇ ಇಲ್ಲ. ಶುಂಠಿ ಕಾಫಿ ಕಾಸಿ ತಂದು ತಮ್ಮ ಮಗಳ ಮುಂದಿಟ್ಟರು.